ಫಾಂಟ್ ಮ್ಯಾನೇಜರ್ ಡಿಸೈನ್ ಮಾಡೋಕೆ ಹೋಗಿ ಸುಲ್ತಾನ್‌ಪೇಟೆಲಿ ಕಲಿತದ್ದು

ನಾನು ಬೆಂಗಳೂರಲ್ಲೇ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಲಿ ಇಂಟರ್‌ಫೇಸ್ ಡಿಸೈನರ್. ಹೋದ ವರ್ಷ ಪ್ರಿಂಟಿಂಗ್‌ನೋರಿಗೆ ಅಂತ ಒಂದು ಫಾಂಟ್ ಮ್ಯಾನೇಜರ್ ಮಾಡೋ ಕೆಲಸ ಬಂತು. ಒಂದೊಂದು ಅಂಗಡಿಲೂ ಸಾವಿರಗಟ್ಟಲೆ ಫಾಂಟ್ ಇರುತ್ತೆ, ಅಷ್ಟನ್ನೂ ಇನ್‌ಸ್ಟಾಲ್ ಮಾಡಿಟ್ರೆ ಡಿಸೈನ್ ಸಾಫ್ಟ್‌ವೇರ್ ಓಪನ್ ಆಗೋಷ್ಟ್ರಲ್ಲಿ ಒಂದು ಬೈಟು ಕಾಫಿ ಕುಡ್ಕೊಂಡು ಬರಬಹುದು. ಅದಕ್ಕೆ ಬೇಕಾದ್ದನ್ನ ಮಾತ್ರ ಆನ್ ಮಾಡ್ಕೊಳ್ಳೋದು, ಮುಗಿದ ಮೇಲೆ ಆಫ್ ಮಾಡೋದು, ಇಷ್ಟೇ ಐಡಿಯಾ.

ನಾನು ಪೂರ್ತಿ ಕಪ್ಪು ಬಣ್ಣದ ಥೀಮ್ ಹಾಕ್ದೆ, ಫಾಂಟಿಗೊಂದೊಂದು ಚೌಕ ಡಬ್ಬಿ, ಡಬ್ಬಿಲಿ ದೊಡ್ಡದಾಗಿ ಫಾಂಟಿನ ಹೆಸರು, ಕೆಳಗೆ ಚಿಕ್ಕದಾಗಿ ಎರಡು ಪದ ಸ್ಯಾಂಪಲ್. ಮೆನುಗೆಲ್ಲ ನಂಗೆ ಬಹಳ ಇಷ್ಟದ ಒಂದು ತೆಳ್ಳನೆ ಕನ್ನಡ ಫಾಂಟ್. ಆಫೀಸಲ್ಲಿ ಎಲ್ರೂ ಸೂಪರ್ ಅಂದ್ರು, ನಾನೂ ನಂಬ್ಕೊಂಡೆ.

ಫಸ್ಟ್ ಡೆಮೊ ಸುಲ್ತಾನ್‌ಪೇಟೆಲಿ, ಮದ್ವೆ ಕಾರ್ಡ್ ಅಂಗಡಿ. ಅಲ್ಲಿನ ಡಿಟಿಪಿ ಆಪರೇಟರ್‌ಗೆ ಐವತ್ತರ ಮೇಲೆ ವಯಸ್ಸು. ಅವ್ರ ಫಾಂಟ್ ಫೋಲ್ಡರ್ ನಮ್ಮ ಸಾಫ್ಟ್‌ವೇರ್‌ಗೆ ತೋರಿಸಿ ಸ್ಯಾಂಪಲ್ ಜಾಗದಲ್ಲಿ ಕನ್ನಡ ಟೈಪ್ ಮಾಡ್ದೆ. ಅವ್ರು ಕನ್ನಡಕ ಮೇಲೆತ್ತಿ ನೋಡಿದ್ರು, ಕೆಳಗಿಳಿಸಿ ನೋಡಿದ್ರು, "ಮೇಡಂ, ಎಲ್ಲಾ ಒಂದೇ ಥರ ಇದ್ಯಲ್ಲ?" ಅಂದ್ರು. ಹೌದು, ಒಂದೇ ಥರ ಇತ್ತು! ಮುನ್ನೂರು ಚಿಲ್ಲರೆ ಫಾಂಟ್, ಮುನ್ನೂರಕ್ಕೂ ಒಂದೇ ಮುಖ.

ಆಗಿದ್ದಿಷ್ಟು. ಅವ್ರ ಹತ್ರ ಇದ್ದ ಬಹುಪಾಲು ಫಾಂಟು ಯೂನಿಕೋಡ್‌ಗಿಂತ (ಎಲ್ಲ ಭಾಷೆ ಅಕ್ಷರಕ್ಕೂ ಬೇರೆ ಬೇರೆ ನಂಬರ್ ಕೊಡೋ ಈಗಿನ ಪದ್ಧತಿ) ಹಳೇ ಪದ್ಧತಿದು, ನಾವು ಆಸ್ಕಿ ಫಾಂಟ್ ಅಂತೀವಲ್ಲ ಅದು. ಅದರಲ್ಲಿ ಇಂಗ್ಲಿಷ್ ಅಕ್ಷರ ಕೂರಬೇಕಾದ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿರ್ತಾರೆ, ತಲೆಕಟ್ಟು ಒಂದು ಕಡೆ ಒತ್ತು ಇನ್ನೊಂದು ಕಡೆ. ಯೂನಿಕೋಡಲ್ಲಿ ಕನ್ನಡಕ್ಕೆ ಅಂತ ಬೇರೆಯಾಗಿ 128 ಜಾಗ ಇದೆ, ಈ ಫಾಂಟುಗಳಲ್ಲಿ ಅಲ್ಲಿ ಏನೂ ಇರಲ್ಲ. ಅಲ್ಲಿ ಏನೂ ಸಿಗದಿದ್ದಾಗ ಸಿಸ್ಟಮ್ ಸುಮ್ಮನೆ ವಿಂಡೋಸ್ ಜೊತೆಗೇ ಬರೋ ನಿರ್ಮಲಾ ಯುಐ ಫಾಂಟನ್ನ ಎತ್ಕೊಂಡು ತೋರಿಸಿಬಿಡುತ್ತೆ, ಎರರ್ ಗಿರರ್ ಏನೂ ಕೊಡಲ್ಲ. ನಾನು ಆಫೀಸಲ್ಲಿ ಟೆಸ್ಟ್ ಮಾಡಿದ್ದು ನೋಟೊ ಸಾನ್ಸ್, ಬಲೂ ತಮ್ಮ ಈ ಥರ ಹೊಸ ಫಾಂಟುಗಳಲ್ಲಿ ಮಾತ್ರ, ಹಾಗಾಗಿ ಗೊತ್ತೇ ಆಗಿರ್ಲಿಲ್ಲ. ಸ್ಯಾಂಪಲ್ ಇಂಗ್ಲಿಷಲ್ಲಿ ಹಾಕಿದ್ರೂ ಉಪಯೋಗ ಇಲ್ಲ, ಫಾಂಟ್ ತೋರಿಸೋಕೆ ಎಲ್ರೂ ಹಾಕೋ, ನರಿ ನಾಯಿ ಮೇಲೆ ಹಾರಿದ ಆ ಮಾಮೂಲಿ ಇಂಗ್ಲಿಷ್ ವಾಕ್ಯ ಆಸ್ಕಿ ಫಾಂಟಲ್ಲಿ ಅರ್ಥ ಇಲ್ದಿರೋ ಕನ್ನಡ ತುಂಡುಗಳಾಗಿ ಬರುತ್ತೆ. ಆಮೇಲೆ ನಮ್ಮ ಡೆವಲಪರ್ ಕೂತು ಮೊದಲು ಫಾಂಟಲ್ಲಿ ಕನ್ನಡದ ಜಾಗ ತುಂಬಿದ್ಯಾ ಅಂತ ನೋಡಿ, ಇಲ್ದಿದ್ರೆ ಸ್ಯಾಂಪಲನ್ನೇ ಹಳೇ ಪದ್ಧತಿಗೆ ಕನ್ವರ್ಟ್ ಮಾಡಿ ತೋರಿಸೋ ಹಾಗೆ ಮಾಡಿದ್ರು, ಅದೂ ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್‌ಗಳಲ್ಲಿ ನುಡಿದೊಂದು ಥರ ಶ್ರೀಲಿಪಿದೊಂದು ಥರ, ತಲೆನೋವಿನ ಕೆಲಸ.

ಬಗ್ ಏನೋ ಸರಿಹೋಯ್ತು. ನಾನು ಮಾತ್ರ ಎರಡು ದಿನ ಅಲ್ಲೇ ಸ್ಟೂಲ್ ಹಾಕ್ಕೊಂಡು ಕೂತೆ, ಅವ್ರು ಫಾಂಟ್ ಹೇಗೆ ಹುಡುಕ್ತಾರೆ ನೋಡೋಣ ಅಂತ. ಹೆಸರು ಓದೋದೇ ಇಲ್ಲ! ಓದಿ ತಾನೇ ಏನು ಸಿಗುತ್ತೆ, ನುಡಿ 01 ಇ, ನುಡಿ 05 ಇ, ಶ್ರೀಲಿಪಿಲೂ ನಂಬರ್ರೇ. "ನೋಡಮ್ಮ, ಶ್ರೀ ನೋಡ್ತೀನಿ, ಆಮೇಲೆ ಅರ್ಕಾವತ್ತು ಎಲ್ಲಿ ಕೂತಿದೆ ನೋಡ್ತೀನಿ, ಅಷ್ಟೇ ಫಾಂಟು" ಅಂದ್ರು. ನಾನು ಡಬ್ಬಿಯ ಮುಕ್ಕಾಲು ಜಾಗ ಕೊಟ್ಟಿದ್ದು ಹೆಸರಿಗೆ.

ಹಾಗಾಗಿ ಡಬ್ಬಿ ಎಲ್ಲ ತೆಗೆದು ಉದ್ದಕ್ಕೆ ಸಾಲು ಸಾಲು ಪಟ್ಟಿ ಮಾಡ್ದೆ, ಹೆಸರು ಚಿಕ್ಕದಾಗಿ ಮೂಲೆಗೆ, ಸ್ಯಾಂಪಲ್‌ಗೆ ಅವ್ರು ದಿನಾ ಟೈಪ್ ಮಾಡೋ "ಶ್ರೀ ವೆಂಕಟೇಶ್ವರ ಪ್ರಸನ್ನ", ಪಕ್ಕದಲ್ಲಿ "ಆಶೀರ್ವಾದ". ಒಂದು ಸಾಲಿಗೆ 32 ಪಿಕ್ಸೆಲ್ ಎತ್ತರ ಕೊಟ್ಟಿದ್ದೆ, ಇಂಗ್ಲಿಷಿಗೆ ಅದು ಧಾರಾಳ, ನಮ್ಮ ಒತ್ತಕ್ಷರದ ಕಾಲು ಕಟ್. "ರಾಷ್ಟ್ರ" ಅಂತ ಹಾಕಿ ನೋಡಿ, ಒತ್ತಿನ ಕೆಳಗೊಂದು ಒತ್ತು, ಅದಕ್ಕೆ ಎಷ್ಟು ಜಾಗ ಬೇಕು ಅಂತ ಗೊತ್ತಾಗುತ್ತೆ. ಎತ್ತರ ಜಾಸ್ತಿ ಮಾಡ್ದೆ, ಸ್ಕ್ರೀನಲ್ಲಿ ಕಾಣೋ ಫಾಂಟ್ ಕಮ್ಮಿ ಆದ್ವು, ಆಗ್ಲಿ ಅಂದೆ.

ಕಪ್ಪು ಥೀಮ್ ಬಗ್ಗೆ ನಾನು ಸ್ವಲ್ಪ ಜಗಳ ಆಡ್ದೆ. ಕಣ್ಣಿಗೆ ತಂಪು ಅಣ್ಣ ಅಂದೆ. "ಕಾರ್ಡು ಬಿಳೀದಲ್ವೇನಮ್ಮ?" ಅಂತ ಕೇಳಿದ್ರು. ಸರಿನೇ, ಕಪ್ಪು ಮೇಲಿನ ಬಿಳಿ ಅಕ್ಷರ ಇರೋದಕ್ಕಿಂತ ದಪ್ಪ ಕಾಣುತ್ತೆ, ಅದನ್ನ ನೋಡಿ ಫಾಂಟ್ ಆರಿಸಿದ್ರೆ ಪ್ರಿಂಟಲ್ಲಿ ಸಣಕಲಾಗಿ ಬರುತ್ತೆ.

ಇನ್ನೊಂದು, ಆಫ್ ಬಟನ್. ಅವ್ರು ಅದನ್ನ ಮುಟ್ಟೋದೇ ಇಲ್ಲ, ಒತ್ತಿದ್ರೆ ಫಾಂಟ್ ಡಿಲೀಟ್ ಆಗುತ್ತೆ ಅನ್ನೋ ಭಯ, ಯಾವ್ದೋ ಕಾಲದಲ್ಲಿ ಪೆನ್‌ಡ್ರೈವಲ್ಲಿ ಒಟ್ಟು ಹಾಕಿದ ಆಸ್ತಿ ಅದು. ಬಟನ್ ಮೇಲೆ "ಎತ್ತಿಡು" ಅಂತ ಬರೆದ ಮೇಲೆ ಧೈರ್ಯವಾಗಿ ಒತ್ತೋಕೆ ಶುರು ಮಾಡಿದ್ರು.

ಹೋದ ತಿಂಗಳು ಹೋಗಿದ್ದೆ. ಲೇಬಲ್ ಹಾಕೋ ಸೌಕರ್ಯ ಕೊಟ್ಟಿದ್ವಲ್ಲ, ಅಚ್ಚುಕಟ್ಟಾಗಿ ಮಾಡ್ಕೊಂಡಿದ್ರು: ಮದುವೆ, ನಾಮಕರಣ, ಗೃಹಪ್ರವೇಶ, ವೈಕುಂಠ ಸಮಾರಾಧನೆ. ಕೊನೇಲಿ "ಬೇಡ" ಅಂತ ಒಂದು ಲೇಬಲ್. ಏನಣ್ಣ ಇದು ಅಂದ್ರೆ, ಒತ್ತು ನೆಟ್ಟಗೆ ಕೂರದೆ ಇರೋವು, ಅಲ್ಲಿ ಹಾಕಿದೀನಿ ಅಂದ್ರು. ತೆಗೆದು ನೋಡ್ದೆ. ನಾನು ಮೆನುಗೆ ಹಾಕಿದ್ನಲ್ಲ, ಆ ತೆಳ್ಳನೆ ಫಾಂಟು, ಅದೇ ಮೊದಲ್ನೇದು.