ಯಾವ ಮೈಕ್ ತೆಗೆದುಕೊಳ್ಳಲಿ ಎಂದು ಕೇಳುವವರಿಗೆ

ತಾಳಮದ್ದಳೆಯ ಅರ್ಥಗಾರಿಕೆಯನ್ನು ಮನೆಯಲ್ಲೇ ಮುದ್ರಿಸಿ ಕೇಳಿನೋಡುವ ಹವ್ಯಾಸಿಗಳು, ಮಕ್ಕಳ ಕತೆ ಓದಿ ಯೂಟ್ಯೂಬಿಗೆ ಹಾಕುವ ಶಿಕ್ಷಕಿಯರು, ಪಾಡ್‌ಕಾಸ್ಟ್ ಶುರುಮಾಡಲು ಹೊರಟ ಮಣಿಪಾಲದ ವಿದ್ಯಾರ್ಥಿಗಳು, ಹೀಗೆ ಉಡುಪಿಯಲ್ಲಿ ನನಗೆ ಸಿಗುವ ಬಹುತೇಕರದ್ದು ಒಂದೇ ಪ್ರಶ್ನೆ: ‘ಮನೆಯಲ್ಲಿ ಧ್ವನಿಮುದ್ರಣ ಮಾಡಬೇಕು, ಯಾವ ಮೈಕ್ ತೆಗೆದುಕೊಳ್ಳಲಿ?’ ಕೇಳುವವರ ಮೊಬೈಲಿನಲ್ಲಿ ಆಗಲೇ ಎರಡು ಮೂರು ಮೈಕುಗಳ ಚಿತ್ರ ಇರುತ್ತದೆ. ಬೆರಳಿಟ್ಟು ಒಂದನ್ನು ತೋರಿಸಿಬಿಡಲಿ ಎಂಬುದು ಅವರ ನಿರೀಕ್ಷೆ.

ನಾನು ಮೊದಲು ಕೇಳುವುದು ಎರಡು ವಿಷಯ. ಎಲ್ಲಿ ಕುಳಿತು ಮಾತನಾಡುತ್ತೀರಿ? ಮೈಕ್ ನಿಮ್ಮ ಬಾಯಿಯಿಂದ ಎಷ್ಟು ದೂರದಲ್ಲಿರುತ್ತದೆ? ಈ ಎರಡಕ್ಕೂ ಉತ್ತರ ಸಿಗದೆ ಮೈಕಿನ ಹೆಸರು ಹೇಳುವುದಕ್ಕೆ ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಹಾಳಾದ ಧ್ವನಿಮುದ್ರಣಗಳಲ್ಲಿ ಹೆಚ್ಚಿನವು ಮೈಕ್ ದೂರವಿದ್ದುದರಿಂದಲೇ ಹಾಳಾದವು.

ಲೆಕ್ಕ ಸರಳ. ಬಾಯಿ ಮತ್ತು ಮೈಕಿನ ನಡುವಿನ ಅಂತರ ಎರಡು ಪಟ್ಟಾದರೆ ಮೈಕಿಗೆ ನೇರವಾಗಿ ತಲಪುವ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. 10 ಸೆಂಟಿಮೀಟರಿನಲ್ಲಿದ್ದ ಮೈಕನ್ನು 40 ಸೆಂಟಿಮೀಟರಿಗೆ ಸರಿಸಿದರೆ 12 ಡೆಸಿಬಲ್ ಹೋಯಿತು. ಆದರೆ ಗೋಡೆಗೆ ಬಡಿದು ಬರುವ ಮಾರ್ದನಿ, ಫ್ಯಾನಿನ ಗಾಳಿ, ಹೊರಗೆ ಕೂಗುವ ಕಾಗೆ ಇವು ಯಾವುವೂ ಕಡಿಮೆಯಾಗುವುದಿಲ್ಲ. ಗೇನ್, ಅಂದರೆ ಮೈಕಿನ ಸಂಕೇತವನ್ನು ಹಿಗ್ಗಿಸುವ ಮಟ್ಟ, ಏರಿಸಿದರೆ ಧ್ವನಿಯ ಜೊತೆ ಅವೂ ಏರುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ನೆಲ ನುಣುಪು, ಗೋಡೆ ಬರಿದು, ಕೋಣೆಯಲ್ಲಿ ಸಾಮಾನು ಕಡಿಮೆ. ಅಂಥ ಕೋಣೆಯ ನಡುವೆ ಮೇಜಿನ ಮೇಲೆ ಮೈಕ್ ಇಟ್ಟು, ಕುರ್ಚಿಗೆ ಒರಗಿ ಮಾತನಾಡಿದರೆ ಎಷ್ಟೇ ದುಬಾರಿ ಮೈಕಾದರೂ ಬಾವಿಯೊಳಗಿನ ಮಾತೇ ಕೇಳಿಸುತ್ತದೆ. ಅದೇ ಮಾತನ್ನು ಸೀರೆ, ಶಾಲು, ಹೊದಿಕೆ ತುಂಬಿದ ಕಪಾಟಿನ ಬಾಗಿಲು ತೆರೆದು, ಅದಕ್ಕೆ ಬೆನ್ನು ಮಾಡಿ ಕುಳಿತು, ಒಂದು ಗೇಣಿನೊಳಗೆ ಮೈಕ್ ಇಟ್ಟು ಆಡಿ ನೋಡಿ. ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.

ಬೆನ್ನು ಎಂದೆನಲ್ಲ, ಅದಕ್ಕೂ ಕಾರಣವಿದೆ. ಮಾತಿಗೆ ಬಳಸುವ ಮೈಕುಗಳಲ್ಲಿ ಹೆಚ್ಚಿನವು ಕಾರ್ಡಿಯಾಯ್ಡ್ ಜಾತಿಯವು. ಮುಂದಿನದನ್ನು ಚೆನ್ನಾಗಿ ಕೇಳುತ್ತವೆ, ನೇರ ಹಿಂದಿನದಕ್ಕೆ ಕಿವುಡಾಗಿರುತ್ತವೆ. ರಸ್ತೆಯ ಕಡೆಯ ಕಿಟಕಿ ನಿಮ್ಮ ಬೆನ್ನ ಹಿಂದಿದ್ದರೆ ಮೈಕ್ ನಿಮ್ಮನ್ನೂ ನೋಡುತ್ತದೆ, ಮಂಗಳೂರಿಗೆ ಓಡುವ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನನ್ನೂ ನೋಡುತ್ತದೆ. ಕಿಟಕಿಗೆ ದಪ್ಪ ಪರದೆ ಎಳೆದು, ಅದಕ್ಕೆ ಮುಖ ಮಾಡಿ ಕುಳಿತರೆ ಮೈಕಿನ ಬೆನ್ನು ಗದ್ದಲದ ಕಡೆಗಿರುತ್ತದೆ.

ಇನ್ನು ಎಲ್ಲರೂ ಕಾಯುವ ಮಾತು: ಮೈಕಿನ ಎರಡು ಮುಖ್ಯ ಬಗೆಗಳಲ್ಲಿ ಡೈನಾಮಿಕ್ಕೋ, ಕಂಡೆನ್ಸರೋ? ಕಂಡೆನ್ಸರ್ ಗದ್ದಲವನ್ನೆಲ್ಲ ಎಳೆದುಕೊಳ್ಳುತ್ತದೆ, ಡೈನಾಮಿಕ್ ಎಳೆಯುವುದಿಲ್ಲ ಎಂದು ಅಂಗಡಿಯವರೂ ಹೇಳುತ್ತಾರೆ. ಇದು ಅರ್ಧ ಸತ್ಯ. ಎರಡನ್ನೂ ಬಾಯಿಯಿಂದ ಒಂದೇ ದೂರದಲ್ಲಿಟ್ಟು, ಮಾತಿನ ಮಟ್ಟವನ್ನು ಸಮ ಮಾಡಿ ಕೇಳಿದರೆ ಹಿನ್ನೆಲೆಯ ಸದ್ದಿನಲ್ಲಿ ಜನ ಹೇಳುವಷ್ಟು ಅಂತರ ಇರುವುದಿಲ್ಲ. ಕಂಡೆನ್ಸರ್ ಸೂಕ್ಷ್ಮವಾಗಿರುವುದರಿಂದ ಜನ ಅದನ್ನು ದೂರವಿಟ್ಟು ಮಾತನಾಡುತ್ತಾರೆ. ಡೈನಾಮಿಕ್ ಆದರೆ ತುಟಿಗೆ ತಂದೇ ಮಾತನಾಡಬೇಕಾಗುತ್ತದೆ. ಕಂಡೆನ್ಸರಿನಲ್ಲಿ ಮೇಲಿನ ಸ್ವರಗಳು ಹೆಚ್ಚು ತೆರೆದು ಕೇಳಿಸುತ್ತವೆ ಎಂಬುದು ನಿಜ. ಕೋಣೆ ಶಾಂತವಾಗಿದ್ದರೆ ಆ ತೆರವು ಬಹಳ ಚೆಂದ. ರೋಡ್ ಕಂಪನಿಯ ಎನ್‌ಟಿ1ರ ಸ್ವಂತ ಸದ್ದು, ಅಂದರೆ ಮೈಕ್ ತಾನೇ ಸೇರಿಸುವ ಸದ್ದು, ಬರೇ 4 ಡೆಸಿಬಲಿನ ಆಸುಪಾಸು. ಮೆಲುದನಿಯಲ್ಲಿ ಕತೆ ಓದುವವರಿಗೆ ಅದು ದೊಡ್ಡ ಉಪಕಾರ.

ಆದರೂ ಕರಾವಳಿಯಲ್ಲಿ ಮೊದಲ ಮೈಕ್ ಕೊಳ್ಳುವವರಿಗೆ ನಾನು ಡೈನಾಮಿಕ್ಕನ್ನೇ ಹೇಳುತ್ತೇನೆ. ಕಾರಣ ನಮ್ಮ ಮಳೆಗಾಲ.

ಕಂಡೆನ್ಸರ್ ಮೈಕಿನ ಒಳಗೆ ಕೆಲವೇ ಮೈಕ್ರಾನ್ ದಪ್ಪದ ಪೊರೆ, ಅದರ ಹಿಂದೆ ಕೂದಲೆಳೆಯಷ್ಟು ಜಾಗ ಬಿಟ್ಟು ಒಂದು ಲೋಹದ ತಟ್ಟೆ ಇರುತ್ತದೆ. ಎರಡರ ನಡುವೆ ವಿದ್ಯುದಂಶ ನಿಂತಿರುತ್ತದೆ. ಪೊರೆ ಅಲುಗಿದಾಗ ಅಲ್ಲಿನ ವೋಲ್ಟೇಜಿನಲ್ಲಿ ಆಗುವ ಏರಿಳಿತವೇ ಧ್ವನಿ. ವಿದ್ಯುದಂಶ ಸೋರದೆ ನಿಲ್ಲಬೇಕಾದರೆ ಒಳಗೆಲ್ಲ ಒಣಗಿರಬೇಕು. ಆಷಾಢದಲ್ಲಿ ಇಲ್ಲಿ ಗಾಳಿಯ ತೇವಾಂಶ ಶೇಕಡಾ 85 ದಾಟುವ ದಿನಗಳೇ ಹೆಚ್ಚು. ಚಪ್ಪಲಿಗೆ, ಪುಸ್ತಕದ ಬೆನ್ನಿಗೆ ಬೂಸು ಹಿಡಿಯುವ ಹೊತ್ತು ಅದು. ಸ್ಟ್ಯಾಂಡಿನಲ್ಲೇ ಬಿಟ್ಟ ಕಂಡೆನ್ಸರ್ ಮೈಕನ್ನು ಆಗ ತೆರೆದರೆ, ಮೌನದ ನಡುವೆ ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಿಟಚಿಟ ಕೇಳಿಸುತ್ತದೆ. ಧ್ವನಿಯ ಮಟ್ಟವೂ ಕುಸಿದಿರುತ್ತದೆ. ಸಾಮಾನ್ಯವಾಗಿ ಒಣಗಿದ ಮೇಲೆ ಸರಿಹೋಗುತ್ತದೆ. ಆದರೆ ಪೊರೆಯ ಮೇಲೆ ದೂಳೂ ಉಪ್ಪುಗಾಳಿಯೂ ಕೂತು ತೇವವನ್ನು ಹಿಡಿದಿಟ್ಟರೆ ದುರಸ್ತಿ ಸುಲಭವಲ್ಲ.

ಹಾಗಾಗಿ ಕಂಡೆನ್ಸರ್ ಇಟ್ಟುಕೊಂಡವರು ಗಾಳಿಯಾಡದ ಡಬ್ಬವೊಂದನ್ನು ಇಟ್ಟುಕೊಳ್ಳಲೇಬೇಕು. ಅದರಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ. ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಕೆಲಸ ಮುಗಿದ ತಕ್ಷಣ ಮೈಕ್ ಡಬ್ಬಕ್ಕೆ ಹೋಗಲಿ. ಜಾಲರಿಯೊಳಗೆ ಬಾಯಿಂದ ಊದಬೇಡಿ, ಉಸಿರಿನಲ್ಲೂ ನೀರಿದೆ.

ಡೈನಾಮಿಕ್ ಮೈಕಿಗೆ ಇಷ್ಟು ಉಪಚಾರ ಬೇಡ. ಆ ಜಾತಿಯ ಶೂರ್ ಎಸ್‌ಎಂ58 ಹೊರಬಂದದ್ದು 1966ರಲ್ಲಿ. ಅದರ ಜಾಲರಿಯನ್ನು ತಿರುಗಿಸಿ ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ಹಾಕಬಹುದು. ಯಕ್ಷಗಾನದ ರಂಗದಲ್ಲಾಗಲಿ ಸಭೆಯಲ್ಲಾಗಲಿ ಅದನ್ನು ನೋಡದವರು ವಿರಳ. ‘ಅದು ಸ್ಟೇಜಿನ ಮೈಕಲ್ಲವೇ?’ ಎಂದು ಕೆಲವರು ಮುಖ ಸಣ್ಣ ಮಾಡುತ್ತಾರೆ. ಮಾತಿನ ಸ್ಪಷ್ಟತೆಗೆ ಬೇಕಾದದ್ದೆಲ್ಲ ಅದರಲ್ಲಿದೆ. ಅದರ ನಕಲಿಗಳು ಮಾರುಕಟ್ಟೆಯಲ್ಲಿ ಹೇರಳವಾಗಿರುವುದರಿಂದ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ. ಅಸಲಿಯ ತೂಕ 298 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡುವುದು ಪರೀಕ್ಷೆಯ ಆರಂಭಕ್ಕೆ ಸಾಕು.

ಪಾಡ್‌ಕಾಸ್ಟಿನ ವಿಡಿಯೊಗಳಲ್ಲಿ ಎಲ್ಲರ ಮುಂದೆಯೂ ಕಾಣುವ, ಶೂರ್ ಕಂಪನಿಯದೇ ಡೈನಾಮಿಕ್ ಮೈಕಾದ ಎಸ್‌ಎಂ7ಬಿ ಬೇಕು ಎನ್ನುವ ವಿದ್ಯಾರ್ಥಿಗಳಿಗೆ ನಾನು ಒಂದೇ ಮಾತು ಹೇಳುತ್ತೇನೆ. ಆ ಮೈಕ್ ಕೊಡುವ ಸಂಕೇತ ಬಹಳ ಕ್ಷೀಣ. ಕನಿಷ್ಠ 60 ಡೆಸಿಬಲ್ ಗೇನ್ ಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಇಂಟರ್‌ಫೇಸ್ ಅಗ್ಗದ್ದಾದರೆ ಅಷ್ಟು ಏರಿಸುವಾಗ ಸುಯ್ ಎಂಬ ಸದ್ದು ಜೊತೆಗೇ ಬರುತ್ತದೆ. ಇಂಟರ್‌ಫೇಸಿಗೂ ಸೇರಿಸಿ ಹಣ ಇದ್ದರೆ ಮಾತ್ರ ಅತ್ತ ನೋಡಿ. ಇಂಟರ್‌ಫೇಸೇ ಇಲ್ಲದವರಿಗೆ ಸ್ಯಾಮ್ಸನ್ ಕ್ಯೂ2ಯು ಥರದ್ದು ಹೆಚ್ಚು ವಿವೇಕದ ಆಯ್ಕೆ. ಅದರಲ್ಲಿ ಯುಎಸ್‌ಬಿಯೂ ಎಕ್ಸ್‌ಎಲ್‌ಆರೂ ಎರಡೂ ಇವೆ: ಇವತ್ತು ಲ್ಯಾಪ್‌ಟಾಪಿಗೆ ನೇರ ಚುಚ್ಚಿದ್ದನ್ನು ನಾಳೆ ಇಂಟರ್‌ಫೇಸಿಗೂ ಚುಚ್ಚಬಹುದು. ಲ್ಯಾಪ್‌ಟಾಪಿನಲ್ಲಿ ಗುಂಯ್‌ಗುಡುವ ಸದ್ದು ಸೇರಿದರೆ ಮೈಕನ್ನು ಬೈಯುವ ಮೊದಲು ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಮುದ್ರಿಸಿ ನೋಡಿ.

ಎರಡು ಮೈಕುಗಳನ್ನು ಹೋಲಿಸುವುದಾದರೆ ಯೂಟ್ಯೂಬಿನ ಹೋಲಿಕೆಗಳನ್ನು ನಂಬಬೇಡಿ. ಅಲ್ಲಿ ಕೇಳಿಸುವುದು ಅವರ ಕೋಣೆ, ಅವರ ಇಂಗ್ಲಿಷ್. ಕನ್ನಡದ ಬಾಯಿಗೆ ಬೇರೆ ಬೇಡಿಕೆಗಳಿವೆ. ಅಂಗೈಯನ್ನು ತುಟಿಯ ಮುಂದೆ ಹಿಡಿದು ‘ಬಲ’ ಎನ್ನಿ, ಆಮೇಲೆ ‘ಫಲ’ ಎನ್ನಿ. ಎರಡನೆಯದರಲ್ಲಿ ಅಂಗೈಗೆ ಗಾಳಿ ಬಡಿಯುತ್ತದೆ. ಮೈಕಿನಲ್ಲಿ ಧಡ್ ಎಂದು ಕೇಳುವುದು ಅದೇ ಗಾಳಿ. ಅರ್ಥ ಹೇಳುವವರ ಬಾಯಲ್ಲಿ ಮಹಾಪ್ರಾಣಗಳಿಗೆ ಬರವಿಲ್ಲ. ‘ಭೀಷ್ಮನ ಶಪಥಕ್ಕೆ ಸಭೆ ಸ್ತಬ್ಧವಾಯಿತು, ಪಾರ್ಥ’ ಎಂಬಂಥ ಸಾಲೊಂದನ್ನು ಕಟ್ಟಿಕೊಂಡು, ಎರಡೂ ಮೈಕುಗಳಲ್ಲಿ ಒಂದೇ ದೂರದಿಂದ ಹೇಳಿ. ಕೊನೆಗೆ ಒಂದಷ್ಟು ಹೊತ್ತು ಸುಮ್ಮನಿದ್ದು ಮೌನವನ್ನೂ ಮುದ್ರಿಸಿ. ಕೇಳುವ ಮೊದಲು ಎರಡರ ಮಟ್ಟವನ್ನು ಸಮ ಮಾಡುವುದು ಕಡ್ಡಾಯ, ಏಕೆಂದರೆ ತುಸು ಜೋರಾಗಿ ಕೇಳಿಸಿದ್ದನ್ನೇ ಕಿವಿ ಒಳ್ಳೆಯದೆಂದು ಒಪ್ಪಿಬಿಡುತ್ತದೆ. ‘ಶ’, ‘ಷ’, ‘ಸ’ಗಳು ಕಿವಿಗೆ ಚುಚ್ಚಿದರೆ, ‘ಭ’ಕಾರ ಒಡೆದರೆ, ಮೈಕನ್ನು ಬಾಯಿಯ ಎದುರಿನಿಂದ ತುಸು ಪಕ್ಕಕ್ಕೆ ಓರೆಯಾಗಿ ಇಟ್ಟು ಮತ್ತೊಮ್ಮೆ ಹೇಳಿ. ಬಾಯಿಯ ಗಾಳಿ ತಡೆಯಲು ಮೈಕಿನ ಮುಂದೆ ಇಡುವ ಪಾಪ್ ಫಿಲ್ಟರಿಗಿಂತ ಈ ಓರೆ ಹೆಚ್ಚು ಸಹಾಯ ಮಾಡುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಇಬ್ಬರು ಅರ್ಥಧಾರಿಗಳು ಎದುರುಬದುರು ಕೂರುವುದಾದರೆ ಇಬ್ಬರಿಗೂ ಬೇರೆ ಬೇರೆ ಮೈಕ್ ಇರಲಿ. ಬಾಯಿಗೂ ಮೈಕಿಗೂ ಇರುವ ದೂರದ ಮೂರು ಪಟ್ಟಾದರೂ ಅಂತರ ಮೈಕುಗಳ ನಡುವೆ ಬೇಕು. ಚೆಂಡೆ ಸೇರಿದರೆ ಅದು ಮನೆಯ ಕೋಣೆಯ ಕೆಲಸವಲ್ಲ. ತಾರಸಿಗೆ ತಗಡಿನ ಶೀಟು ಹಾಕಿಸಿದ ಮನೆಯಲ್ಲಿ ಜೋರು ಮಳೆಯ ಹೊತ್ತು ಯಾವ ಮೈಕೂ ಉಪಯೋಗಕ್ಕೆ ಬಾರದು, ಮಳೆ ನಿಂತ ಮೇಲೆ ಕುಳಿತುಕೊಳ್ಳಿ.

ಇವರೆಲ್ಲರಿಗಿಂತ ನನ್ನ ಮನಸ್ಸಿಗೆ ಹತ್ತಿರವಾದವರು ಅಜ್ಜಿಯ ಪಾಡ್ದನವನ್ನೋ ಶೋಬಾನೆಯನ್ನೋ ಉಳಿಸಿಕೊಳ್ಳಬೇಕು ಎಂದು ಬರುವವರು. ಅವರು ಮೈಕಿನ ಆಯ್ಕೆಯಲ್ಲಿ ಒಂದು ಮಳೆಗಾಲವನ್ನೂ ಕಳೆಯಬಾರದು. ಬೋಯಾ ಬಿವೈ-ಎಂ1 ಥರದ ಕಾಲರ್ ಮೈಕನ್ನು ಅಜ್ಜಿಯ ಸೆರಗಿಗೆ ಎದೆಯ ಮೇಲ್ಭಾಗದಲ್ಲಿ ಸಿಕ್ಕಿಸಿ. ಅದರ ತಂತಿ ಆರು ಮೀಟರ್ ಇರುವುದರಿಂದ ಮೊಬೈಲ್ ಅವರ ಕಣ್ಣಿನಿಂದ ದೂರವೇ ಇರಲಿ. ಕರಿಮಣಿ ಸರ, ಬಳೆ ಮೈಕಿಗೆ ತಾಗದಂತೆ ನೋಡಿಕೊಳ್ಳಿ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಫ್ಯಾನ್ ನಿಲ್ಲಿಸಿ, ಫ್ರಿಜ್ ಪಕ್ಕದ ಕೋಣೆಯಲ್ಲಿದ್ದರೆ ಬಾಗಿಲು ಹಾಕಿ. ಎಂಪಿ3 ಬೇಡ, ವೇವ್ ಕಡತವಾಗಿ ಮುದ್ರಿಸಿ. ಆರಂಭದಲ್ಲಿ ಅಜ್ಜಿಯ ಹೆಸರು, ಊರು, ದಿನಾಂಕ, ಆ ಹಾಡನ್ನು ಅವರು ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಅವತ್ತೇ ಸಂಜೆಯೊಳಗೆ ಇನ್ನೊಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಹಾಕಿಡಿ.