ಮಳೆ ಅಳೆದ ದಿನಗಳು

ನಮ್ಮ ಶಾಲೆಯ ಹಿಂದೆ, ಕಾಫಿ ತೋಟದ ಬೇಲಿ ಪಕ್ಕ ಒಂದು ಮಳೆಮಾಪಕ ಇತ್ತು. ಎಂಟನೇ ಕ್ಲಾಸಿನಲ್ಲಿ ಅದರ ಜವಾಬ್ದಾರಿ ನನ್ನದು. ಬೆಳಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ, ನೀರನ್ನು ಅಳತೆ ಗಾಜಿಗೆ ಸುರಿದು, ಇಂಚು-ಸೆಂಟಿನ (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ರಿಜಿಸ್ಟರಿಗೆ ಬರೆಯಬೇಕು.

ಜುಲೈ ತಿಂಗಳ ಒಂದು ರಾತ್ರಿ ಎಂಥಾ ಮಳೆ ಅಂದರೆ, ಬೆಳಗ್ಗೆ ನೋಡಿದರೆ ಮಾಪಕ ತುಂಬಿ ಚೆಲ್ಲಿತ್ತು. ನಾನು ಅಪ್ಪ ಹೇಳಿದ ಅಂದಾಜು ಬರೆದೆ. ವಿಜ್ಞಾನದ ಮೇಷ್ಟ್ರು ಅದರ ಮೇಲೆ ಗೀಟು ಎಳೆದರು.

"ನೀನು ಅಳೆದೆಯಾ?"

"ಇಲ್ಲ ಸಾರ್."

"ಹಾಗಾದರೆ ತುಂಬಿ ಚೆಲ್ಲಿತ್ತು ಅಂತ ಬರಿ."

ಆ ಒದ್ದೆ ಪುಟದಲ್ಲಿ ನೀಲಿ ಮಸಿ ಹರಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಪಿಎಚ್‌ಡಿಗೆ ಸೇರಿದ ಮೇಲೆ ಜಿನೀವಾ ಹತ್ತಿರದ ಸರ್ನ್ ಎಂಬ ಕಣವಿಜ್ಞಾನದ ಪ್ರಯೋಗಾಲಯಕ್ಕೆ ಹೋದೆ. ಅಲ್ಲಿನ ಆಲಿಸ್ ಪ್ರಯೋಗವೇ ಇಂದಿಗೂ ನನ್ನ ಕೆಲಸ. 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಸೀಸದ ನ್ಯೂಕ್ಲಿಯಸ್‌ಗಳನ್ನು, ಅಂದರೆ ಪರಮಾಣುವಿನ ನಡುವಿನ ತಿರುಳನ್ನು, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಒಂದೊಂದರಲ್ಲೂ 82 ಪ್ರೋಟಾನ್, 126 ನ್ಯೂಟ್ರಾನ್. ಡಿಕ್ಕಿಯಾದ ಜಾಗ ಸೂರ್ಯನ ಒಡಲಿಗಿಂತ ಲಕ್ಷ ಪಟ್ಟು ಬಿಸಿ. ಆ ಬಿಸಿಗೆ ಪ್ರೋಟಾನ್, ನ್ಯೂಟ್ರಾನ್‌ಗಳೇ ಕರಗಿ, ಅವುಗಳ ಒಳಗಿನ ಕ್ವಾರ್ಕ್, ಗ್ಲೂಆನ್ ಎಂಬ ಇನ್ನೂ ಚಿಕ್ಕ ಕಣಗಳು ಹೊರಬರುತ್ತವೆ. ಆ ಕಣಗಳ ರಾಶಿ ಅನಿಲದ ಹಾಗಿರುತ್ತದೆ ಅಂತ ಹಲವರು ಅಂದುಕೊಂಡಿದ್ದರು. ನೋಡಿದರೆ ದ್ರವದ ಹಾಗೆ ಹರಿಯುತ್ತದೆ! ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದವರು 2005ರಲ್ಲಿ ಇದನ್ನು ಹೇಳಿದರು. ಅದನ್ನು ನೇರವಾಗಿ ನೋಡಲು ಮಾತ್ರ ಆಗದು. ಕಣ್ಣು ಮಿಟುಕಿಸುವ ಮೊದಲೇ ಮುಗಿದಿರುತ್ತದೆ. ಹೊರಗೆ ಚಿಮ್ಮಿದ ಸಾವಿರಾರು ಕಣಗಳನ್ನು ಎಣಿಸಿ, ಒಳಗೆ ಏನಾಗಿತ್ತು ಅಂತ ತಿಳಿಯಬೇಕು. ರಾತ್ರಿ ಸುರಿದ ಮಳೆಯನ್ನು ಬೆಳಗ್ಗೆ ಅಳೆದ ಹಾಗೆ.

ನಾನು ನೋಡಿಕೊಳ್ಳುತ್ತಿದ್ದದ್ದು ಫೋಟಾನ್, ಅಂದರೆ ಬೆಳಕಿನ ಕಣ, ಎಣಿಸುವ ಡಿಟೆಕ್ಟರ್. ಕೋಲ್ಕತಾ, ಭುವನೇಶ್ವರ, ಜಮ್ಮು, ಹೀಗೆ ನಮ್ಮ ದೇಶದವರೇ ಸೇರಿ ಕಟ್ಟಿದ್ದು. ಜೇನುಹುಟ್ಟಿನಂಥ ಆರು ಮೂಲೆಯ ಪುಟ್ಟ ಕೋಣೆಗಳು, ಲಕ್ಷಕ್ಕೂ ಜಾಸ್ತಿ. ಪ್ರತಿಯೊಂದರ ನಡುವೆ ಕೂದಲಿಗಿಂತ ತೆಳ್ಳಗಿನ ತಂತಿ.

2010ರ ನವೆಂಬರಿನಲ್ಲಿ ಆ ಸುರಂಗದಲ್ಲಿ ಮೊದಲ ಬಾರಿಗೆ ಸೀಸದ ಡಿಕ್ಕಿ ನಡೆಯಿತು. ನನಗೆ ರಾತ್ರಿ ಶಿಫ್ಟ್. ಊರಲ್ಲಿ ಹುತ್ತರಿಯ ತಯಾರಿ, ಫೋನಿನಲ್ಲಿ ಅಮ್ಮನ ಒಂದೇ ಪ್ರಶ್ನೆ, "ಕದಿರು ತೆಗೆಯೋಕೆ ಬರಲ್ವಾ?" ಪರದೆ ಮೇಲೆ ನೋಡಿದರೆ ಕೆಲವು ಕೋಣೆಗಳು ಸುಮ್ನೆ ಕೂತಿವೆ. ಪಕ್ಕದವುಗಳ ಸರಾಸರಿ ತುಂಬಿಸಿಬಿಟ್ಟರೆ ಚಿತ್ರ ಎಷ್ಟು ಚೆನ್ನಾಗಿ ಬರುತ್ತೆ ಅನಿಸಿತು. ಕೈ ತಡೆಯಿತು. "ಈ ಕೋಣೆಗಳು ಓದಲಿಲ್ಲ" ಅಂತ ಒಂದೊಂದರ ನಂಬರು ಬರೆದಿಟ್ಟೆ.

ಮುಂದಿನ ರಜೆಯಲ್ಲಿ ಮೇಷ್ಟ್ರ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಕಾಫಿ ಲೋಟ ಕೈಯಲ್ಲೇ ಹಿಡಿದು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಇಷ್ಟೇ:

"ಒಟ್ಟು ಎಷ್ಟು ಕೋಣೆ?"