ಅಪ್ಪ ರಾಜನ ಕಡೆ, ಮಗ ಪಾರ್ಲಿಮೆಂಟ್ ಕಡೆ

ಇಂಗ್ಲೆಂಡಿನಲ್ಲಿ 17ನೇ ಶತಮಾನದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧ ಅಂದರೆ ನನಗೆ ಮೊದಲು ನೆನಪಾಗುವುದು ರಾಜನೂ ಅಲ್ಲ, ಪಾರ್ಲಿಮೆಂಟ್ ಪಡೆಯ ನಾಯಕ ಕ್ರಾಮ್‌ವೆಲ್ಲೂ ಅಲ್ಲ. ಬಕಿಂಗ್‌ಹ್ಯಾಮ್‌ಶೈರ್‌ನ ಕ್ಲೇಡನ್ ಅನ್ನೋ ಊರಿನ ವರ್ನಿ ಕುಟುಂಬ. ಈ ಮನೆಯವರು ಕಾಗದ ಬರೆಯುತ್ತಲೇ ಇದ್ದರು, ಬಂದ ಕಾಗದವನ್ನು ಬಿಸಾಡುತ್ತಲೂ ಇರಲಿಲ್ಲ. ಆ ಶತಮಾನದ ಸಾವಿರಾರು ಕಾಗದ ಇವತ್ತಿಗೂ ಉಳಿದಿವೆ. ಇನ್ನೂರು ವರ್ಷ ಆದಮೇಲೆ ಅವನ್ನು ಜೋಡಿಸಿ ಮನೆತನದ ಕಥೆ ಬರೆಯಲು ಕೂತವಳು ಪಾರ್ಥೆನೋಪಿ, ನಮಗೆಲ್ಲ ಗೊತ್ತಿರುವ ಫ್ಲಾರೆನ್ಸ್ ನೈಟಿಂಗೇಲ್‌ಳ ಅಕ್ಕ. ಅವಳನ್ನು ಕೊಟ್ಟಿದ್ದು ಇದೇ ಮನೆಗೆ.

ಕಾಗದಗಳ ನಡುವೆ ನಿಂತಿರುವವನು ರಾಲ್ಫ್ ವರ್ನಿ. ಹುಟ್ಟಿದ್ದು 1613ರಲ್ಲಿ. 1640ರಲ್ಲಿ ಏಲ್ಸ್‌ಬರಿಯಿಂದ ಪಾರ್ಲಿಮೆಂಟಿಗೆ ಹೋದ. ಸಭೆಯಲ್ಲಿ ಕೂತು, ಯಾರು ಏನು ಹೇಳಿದರು ಅಂತ ಮಡಿಚಿದ ಹಾಳೆಗಳ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದ. 1642ರ ಜನವರಿ 4ರಂದು ರಾಜ ಒಂದನೇ ಚಾರ್ಲ್ಸ್ ಐದು ಜನ ಸದಸ್ಯರನ್ನು ಹಿಡಿಯಲು ಸಭೆಯೊಳಗೇ ನುಗ್ಗಿದನಲ್ಲ, ಆ ದಿನದ್ದೂ ಇದೆ ಅದರಲ್ಲಿ.

ಅವನ ಅಪ್ಪ ಸರ್ ಎಡ್ಮಂಡ್ ರಾಜನ ಬಾವುಟ ಹಿಡಿಯುವವನು. ಜಗಳದಲ್ಲಿ ರಾಜನದೇ ಸರಿ ಅಂತ ಅವನಿಗೂ ಅನಿಸಿರಲಿಲ್ಲ. ಆದರೆ ಸುಮಾರು ಮೂವತ್ತು ವರ್ಷ ಅವನ ಅನ್ನ ತಿಂದಿದ್ದೀನಿ, ಈಗ ಕೈಬಿಡೋ ನೀಚ ಕೆಲಸ ಮಾಡಲಾರೆ ಅಂದ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಕೇಳಿ ಬೆಳೆದ ನಮಗೆ ಈ ಮಾತು ಬಿಡಿಸಿ ಹೇಳಬೇಕಾ? 1642ರ ಅಕ್ಟೋಬರ್ 23ರಂದು ಎಜ್‌ಹಿಲ್ ಯುದ್ಧದಲ್ಲಿ ಸತ್ತ. ಹೆಣ ಕೂಡ ಸಿಗಲಿಲ್ಲ. ಮಗ ಎದುರು ಪಕ್ಷದಲ್ಲಿದ್ದ. ರಾಜನಿಗಾಗಿ ಹೋರಾಡುತ್ತಿದ್ದ ತಮ್ಮ, ಅವನ ಹೆಸರೂ ಎಡ್ಮಂಡ್, ಅಣ್ಣನಿಗೆ ಬರೆದ ಕಾಗದದಲ್ಲಿ ಪ್ರೀತಿಯೂ ಇದೆ, ನೀನು ನಮಗೆ ಶತ್ರುವಾಗಬೇಕಾಯಿತಲ್ಲ ಅನ್ನೋ ಸಂಕಟವೂ ಇದೆ. ಆ ತಮ್ಮ 1649ರಲ್ಲಿ ಐರ್ಲೆಂಡಿನ ಡ್ರೊಗೆಡಾದಲ್ಲಿ ಹತನಾದ.

ಇಷ್ಟಾದ ಮೇಲೆ ರಾಲ್ಫ್ ತನ್ನ ಪಕ್ಷದಲ್ಲಾದರೂ ನೆಮ್ಮದಿಯಾಗಿ ಇದ್ದನಾ ಅಂದರೆ ಅದೂ ಇಲ್ಲ. 1643ರಲ್ಲಿ ಪಾರ್ಲಿಮೆಂಟು ಸ್ಕಾಟ್ಲೆಂಡ್ ಜೊತೆ ಒಪ್ಪಂದ ಮಾಡಿಕೊಂಡು, ಚರ್ಚಿನ ಪದ್ಧತಿಯನ್ನೇ ಬದಲಿಸುವ ಪ್ರಮಾಣಕ್ಕೆ ಎಲ್ಲ ಸದಸ್ಯರೂ ಸಹಿ ಹಾಕಬೇಕು ಅಂದಿತು. ರಾಲ್ಫ್ ಹಾಕಲಿಲ್ಲ. ಮನಸ್ಸು ಒಪ್ಪದ್ದಕ್ಕೆ ಸುಮ್ನೆ ಒಂದು ಸಹಿ ಗೀಚಿ ಮನೆಯಲ್ಲಿರಬಹುದಿತ್ತು. ಹೆಂಡತಿ ಮೇರಿ ಮತ್ತು ಇಬ್ಬರು ಮಕ್ಕಳ ಜೊತೆ ಫ್ರಾನ್ಸಿಗೆ ಹೊರಟ. ಪುಟ್ಟ ಮಗ ಜಾಕ್ ಕ್ಲೇಡನ್‌ನಲ್ಲೇ ಉಳಿದ. 1645ರಲ್ಲಿ ಸಭೆಯಿಂದ ಹೆಸರು ತೆಗೆದರು. ಆಮೇಲೆ ಆಸ್ತಿ ಜಪ್ತಿಯಾಯಿತು.

ಆಸ್ತಿ ಬಿಡಿಸಲು ರಾಲ್ಫ್ ಬಂದರೆ ಹಿಡಿಯುತ್ತಾರೆ. ಅದಕ್ಕೆ ಮೇರಿ ಬಂದಳು. ಅಪ್ಪ ಅಮ್ಮ ಇಲ್ಲದ ಹುಡುಗಿ ಅವಳು, 13ನೇ ವಯಸ್ಸಿಗೆ 15ರ ರಾಲ್ಫ್‌ನನ್ನು ಮದುವೆಯಾದವಳು. ಲಂಡನ್ನಿನಲ್ಲಿ ಅವರಿವರ ಬಾಗಿಲು ಕಾದಳು, ಅದೂ ಬಸುರಿಯಾಗಿ. 1647ರ ಜೂನ್‌ನಲ್ಲಿ ಗಂಡು ಮಗು ಹೆತ್ತು ಅವನಿಗೂ ರಾಲ್ಫ್ ಅಂತಲೇ ಹೆಸರಿಟ್ಟಳು. ಕ್ಲೇಡನ್‌ಗೆ ಹೋಗಿ ಜಾಕ್‌ನನ್ನು ನೋಡಿದರೆ ಮಗುವಿನ ಕಾಲು ಸೊಟ್ಟಗಾಗಿವೆ. ಕಾಲು ಬಿಟ್ಟರೆ ಅವನಲ್ಲಿ ಏನೂ ಕೊರತೆಯಿಲ್ಲ, ನನ್ನ ಮಗು ಅಂತಲ್ಲ, ತುಂಬಾ ಚುರುಕು ಅಂತ ಗಂಡನಿಗೆ ಬರೆದಳು. ಈ ಸಾಲಿನ ಹತ್ತಿರ ನಾನು ಪ್ರತಿ ಸಲ ನಿಂತುಬಿಡುತ್ತೇನೆ.

ಅದೇ ವರ್ಷ ಕೂಸು ಸತ್ತಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಅಪ್ಪನ ಹತ್ತಿರ ಇದ್ದ ಮಗಳು ಪೆಗ್ ಕೂಡ ತೀರಿಕೊಂಡಳು. ಗಂಡ ಹೆಂಡತಿ ಮಧ್ಯೆ ಸಮುದ್ರ. 1648ರ ಶುರುವಿನಲ್ಲಿ ಜಪ್ತಿ ತೆಗೆದರು, ಮೇರಿ ಗೆದ್ದಳು. ಜಾಕ್‌ನನ್ನು ಕರೆದುಕೊಂಡು ವಾಪಸ್ ಹೋದಳು, ಎರಡೇ ವರ್ಷ, 1650ರಲ್ಲಿ ಬ್ಲುವಾ ಊರಿನಲ್ಲಿ ತೀರಿಕೊಂಡಳು. ವಯಸ್ಸು 34. ರಾಲ್ಫ್ ಅವಳ ದೇಹವನ್ನು ಕ್ಲೇಡನ್‌ಗೇ ಕಳಿಸಿದ. ಇನ್ನೂ 46 ವರ್ಷ ಬದುಕಿದ, ಮತ್ತೆ ಮದುವೆಯಾಗಲಿಲ್ಲ.

1653ರಲ್ಲಿ ಊರಿಗೆ ಬಂದವನನ್ನು, ಎರಡು ವರ್ಷ ಕಳೆದ ಮೇಲೆ, ಆಗ ರಾಜನಿಲ್ಲದ ದೇಶವನ್ನು ಆಳುತ್ತಿದ್ದ ಕ್ರಾಮ್‌ವೆಲ್ ಸರ್ಕಾರ ಜೈಲಿಗೆ ಹಾಕಿತು. ರಾಜಮನೆತನ ಮರಳಿದ ಮೇಲೆ 1661ರಲ್ಲಿ ಬ್ಯಾರನೆಟ್ ಪಟ್ಟ ಸಿಕ್ಕಿತು. ಅದು ಅಪ್ಪನಿಂದ ಮಗನಿಗೆ ಹೋಗುವ ಬಿರುದು. ಇಳಿವಯಸ್ಸಿನಲ್ಲಿ ಬಕಿಂಗ್‌ಹ್ಯಾಮ್‌ನಿಂದ ಮತ್ತೆ ಪಾರ್ಲಿಮೆಂಟಿಗೂ ಹೋದ. ದೊಡ್ಡ ಮಗ 1688ರಲ್ಲೇ ಸತ್ತ, ಮೊಮ್ಮಕ್ಕಳೂ ಉಳಿಯಲಿಲ್ಲ. ಬಿರುದು ಬಂದದ್ದು ಆ ಸೊಟ್ಟ ಕಾಲಿನ ಜಾಕ್‌ಗೆ. ಅಷ್ಟು ಹೊತ್ತಿಗೆ ಅವನು ಸಿರಿಯಾದ ಅಲೆಪ್ಪೋದಲ್ಲಿ ವರ್ಷಗಟ್ಟಲೆ ವ್ಯಾಪಾರ ಮಾಡಿ ಬಂದಿದ್ದ.

ಕ್ಲೇಡನ್ ಚರ್ಚಿನಲ್ಲಿ ರಾಲ್ಫ್ ಒಂದು ಸ್ಮಾರಕ ಮಾಡಿಸಿದ್ದಾನೆ. ನಾಲ್ಕು ಮುಖ ಅದರಲ್ಲಿ: ಅಪ್ಪ, ಅಮ್ಮ, ಮೇರಿ, ತಾನು. ಎಜ್‌ಹಿಲ್‌ನಿಂದ ವಾಪಸ್ ಬರದ ಅಪ್ಪನನ್ನೂ ಮನೆಯವರ ಜೊತೆಗೇ ಕೂರಿಸಿದ್ದಾನೆ.